ಕಾಲುವೆಯಾಚೆಯ ಬೀದಿ

"ಇಷ್ಟೇ ಕಣೇ, ಮುಗೀತು." ಮಧುಶ್ರೀ ಕಾಲುವೆಯ ಗೆರೆ ಎಳೆದು ಪೆನ್ಸಿಲ್ ಕೆಳಗಿಟ್ಟಳು.

ಕವನ ಚಾರ್ಟ್ ನೋಡಿದಳು. ಹುಲ್ಲಹಳ್ಳಿಯ ಬಸ್ ಸ್ಟ್ಯಾಂಡ್ ಇತ್ತು, ಸಂತೆ ಇತ್ತು, ರೈಸ್ ಮಿಲ್ ಇತ್ತು. ಕಾಲುವೆಯ ಆಚೆ ಬರೀ ಬಿಳಿ ಹಾಳೆ. ಅವಳ ಮನೆ ಇದ್ದದ್ದು ಅಲ್ಲೇ.

ಇಂಗ್ಲೆಂಡಿನ ಯಾರ್ಕ್ ಎಂಬ ಹಳೇ ಊರಿನ ಮಕ್ಕಳು ತಮ್ಮೂರಿನ ಮ್ಯಾಪ್ ಬರೆದು ಇವರ ಆರನೇ ಕ್ಲಾಸಿಗೆ ಕಳಿಸಿದ್ದರು. ಅದರಲ್ಲಿ ದೊಡ್ಡ ಚರ್ಚು, ಕೋಟೆಗೋಡೆ ಇದ್ದವು. ಗೋಡೆಯ ಹೊರಗಿನ ಓಣಿಗಳೂ ಇದ್ದವು. ಬ್ರೆಡ್ ಅಂಗಡಿ, ಮುದುಕರು ಸೇರಿ ಟೀ ಕುಡಿಯುವ ಹಾಲ್, ಒಂದು ಕುಂಟ ಬೆಕ್ಕಿನ ಮನೆ ಕೂಡ.

"ನಾವೂ ನಮ್ಮೂರಿಂದು ಕಳಿಸೋಣ. ಬೀದಿ ಬೀದಿ ಸುತ್ತಿ ಬರೀರಿ" ಎಂದಿದ್ದರು ಇಂದ್ರಾಣಿ ಮಿಸ್.

"ನಮ್ ಬೀದಿ ಎಲ್ಲೇ?" ಕವನ ಕೇಳಿದಳು.

"ನಾನು ನೋಡೇ ಇಲ್ವಲ್ಲ. ಆ ಕಡೆ ಓಗ್ಬೇಡ ಅಂತಾಳೆ ಅಮ್ಮ."

"ಯಾಕಂತೆ?"

ಮಧುಶ್ರೀ ಚಾರ್ಟ್ ಸುತ್ತಿಕೊಂಡು, "ನಡಿ, ನೋಡ್ಕೊಂಡ್ ಬರೋಣ" ಎಂದಳು.

ಸೇತುವೆ ದಾಟಿದರೆ ಅಂಬೇಡ್ಕರ್ ಭವನ. ಜಗಲಿಯ ಮೇಲೆ ಕೇರಂ ಆಟ ನಡೆದಿತ್ತು. ಪಕ್ಕದಲ್ಲಿ ಚಿಕ್ಕಸ್ವಾಮಿಯ ಹೊಲಿಗೆ ಮಿಷನ್ನು, ಅದರಾಚೆ ಜವರಮ್ಮನ ಬೋಂಡದ ಬಾಣಲೆ. "ನಿಂತ್ಕೊಳೇ, ಬರ್ಕೊತೀನಿ" ಎಂದು ಮಧುಶ್ರೀ ಹೆಜ್ಜೆಹೆಜ್ಜೆಗೂ ನಿಂತಳು.

ಮನೆಯಲ್ಲಿ ಕವನಳ ಅಜ್ಜಿ ಪುಟ್ಟಮಾದಮ್ಮ ಲೋಟ ತಂದರು. "ಬಿಸ್ಲಲ್ಲಿ ಬಂದಿದ್ದೀಯ. ನೀರ್ ಕುಡಿ ಮಗ."

ಮಧುಶ್ರೀ ಲೋಟ ನೋಡಿದಳು. ಕವನ ಬೇರೆ ಕಡೆ ಮುಖ ತಿರುಗಿಸಿದಳು. ಗುಟುಕರಿಸುವ ಸದ್ದು ಕೇಳಿದ ಮೇಲೆಯೇ ಈ ಕಡೆ ತಿರುಗಿದ್ದು. ಲೋಟ ಖಾಲಿಯಾಗಿತ್ತು.

ವಾಪಸ್ ಬರುವಾಗ ಸೇತುವೆಯ ಮೇಲೆ ಮಧುಶ್ರೀ ಮೆಲ್ಲಗೆ, "ನೀರ್ ಕುಡಿದಿದ್ದು ನಮ್ಮಮ್ಮಂಗೆ ಹೇಳ್ಬೇಡ ಕಣೇ" ಎಂದಳು.

"ಹೂಂ" ಎಂದಳು ಕವನ. ಮಾರನೇ ದಿನ ಮಧುಶ್ರೀಯ ಪಕ್ಕ ಬಿಟ್ಟು ಬೇರೆ ಬೆಂಚಿನಲ್ಲಿ ಕೂತಳು.

ಶನಿವಾರ ಅಪ್ಪ ಅಮ್ಮಂದಿರ ಮೀಟಿಂಗು. ಚಾರ್ಟ್ ಗೋಡೆಯ ಮೇಲಿತ್ತು. ಮಧುಶ್ರೀಯ ಅಮ್ಮನ ಬೆರಳು ಬಸ್ ಸ್ಟ್ಯಾಂಡಿನಿಂದ ಹೊರಟು, ಸೇತುವೆ ದಾಟಿ, ಬೋಂಡದ ಬಾಣಲೆಯ ಹತ್ತಿರ ನಿಂತಿತು.

"ಇದನ್ನ ಯಾರ್ ಬರ್ದಿದ್ದು?"

"ನಾನೇ ಕಣಮ್ಮ. ಕವನನ ಜೊತೆ ಓಗಿದ್ದೆ" ಎಂದಳು ಮಧುಶ್ರೀ. "ಅವರಜ್ಜಿ ಕೊಟ್ಟ ನೀರೂ ಕುಡಿದೆ."

ಅಮ್ಮ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

ಬಾಗಿಲ ಬಳಿ ನಿಂತಿದ್ದ ಕವನಳಿಗೆ ಮಧುಶ್ರೀಯ ಕೈ ಕಾಣುತ್ತಿತ್ತು. ಅದು ಲಂಗದ ಅಂಚನ್ನು ಹಿಂಡುತ್ತಿತ್ತು. ನೀರು ಕುಡಿದೆಯಾ ಎಂದು ಯಾರೂ ಕೇಳಿರಲಿಲ್ಲ. ಅವಳಾಗಿಯೇ ಹೇಳಿದ್ದಳು.

ಕವನ ಒಳಗೆ ಬಂದು ಅವಳ ಪಕ್ಕದಲ್ಲಿ ನಿಂತಳು.