ಗುರುವಾರದ ತಟ್ಟೆಗಳು

"ನೂರು ಬೀಜ ಹಾಕಿದ್ರೆ ನೂರೆಂಟು ಮೊಳಕೆ ಹೇಗ್ರೀ ಬರುತ್ತೆ?"

ನಾನು ಮೂರನೆಯ ಸಲ ಕೇಳಿದೆ. ಬೀಜ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅವಳು ಸಹಾಯಕಿ. ಸೋಮವಾರ ನನ್ನ ಸಹಿಯಿರುವ ಸರಿಯಾದ ವರದಿ ಒಪ್ಪಿಸಿದರೆ ಅವಳಿಗೆ ಮೇಲ್ವಿಚಾರಕಿಯಾಗಿ ಬಡ್ತಿ ಸಿಗಲಿತ್ತು. ಅಂಕಿಅಂಶ ಕಲಿಸಲು ನಾನು ಹನ್ನೊಂದು ವಾರಗಳಿಂದ ಪ್ರತಿ ಗುರುವಾರ ಬರುತ್ತಿದ್ದೆ. ಅಂದು ಕೊನೆಯ ಪಾಠ.

"ಗ್ರಾಫಿನ ಗೆರೆ ಹಾಗೆ ಹೇಳ್ತಿದೆ, ಮೇಷ್ಟ್ರೇ. ನಾನೇನು ಮಾಡ್ಲಿ?"

"ನೇರ ಗೆರೆಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರಲ್ಲ. ಬೀಜ ಮೊಳೆಯುತ್ತೆ, ಇಲ್ಲ ಮೊಳೆಯಲ್ಲ. ಅದಕ್ಕೆ ಲಾಜಿಸ್ಟಿಕ್ ಮಾಡೆಲ್ ಬೇಕು, ಬಾಗಿದ ಗೆರೆ. ಅದು ಸೊನ್ನೆಗಿಂತ ಕೆಳಗೆ ಇಳಿಯಲ್ಲ, ನೂರು ದಾಟಲ್ಲ. ಎಷ್ಟು ಸಲ ಹೇಳ್ಲಿ?"

"ಇನ್ನೊಂದು ಸಲ ಹೇಳಿ. ನಿಮಗೆ ಕೋಪ ಬಂದಾಗ ನನಗೆ ಚೆನ್ನಾಗಿ ಅರ್ಥ ಆಗುತ್ತೆ."

ತುಟಿ ಬಿಗಿಹಿಡಿದು ಹಾಳೆಯ ಮೇಲೆ ಬಗ್ಗಿದಳು. ಕೆನ್ನೆಯ ಮೇಲೊಂದು ಪೆನ್ಸಿಲ್ ಗೀಟು. ಒರೆಸಿಕೊಳ್ಳಿ ಎನ್ನಲು ನನಗೆ ಧೈರ್ಯವಿರಲಿಲ್ಲ.

ಹೊಸ ಮಾಡೆಲ್‌ಗೆ ಕೋಣೆಯ ಶಾಖವನ್ನೂ ಬೀಜ ನೆನೆಸಿದ ಗಂಟೆಗಳನ್ನೂ ಸೇರಿಸಿದೆವು. ಎಲ್ಲ ಸರಿಹೋಯಿತು, ಗುರುವಾರ ಬಿತ್ತಿದ ತಟ್ಟೆಗಳ ಹೊರತು. ಲೆಕ್ಕ ಎಪ್ಪತ್ತು ಎಂದರೆ ಅಲ್ಲಿ ಎಂಬತ್ತೈದು. ಎರಡನೆಯ ವಾರದಿಂದ ಪ್ರತಿ ಗುರುವಾರವೂ ಹಾಗೆಯೇ.

"ಗುರುವಾರ ಏನ್ ಮಾಡ್ತೀರಿ?"

"ಏನೂ ಇಲ್ಲ."

"ಬೀಜ ಬೇರೆನಾ?"

"ಅದೇ ಬೀಜ. ಅದೇ ತಟ್ಟೆ."

"ಹಾಗಾದ್ರೆ ಗುರುವಾರ ಮಾತ್ರ ದೇವರೇ ಬಂದು ಮೊಳೆಸ್ತಾನಾ? ಕಾರಣ ಸಿಗದೆ ನಾನು ಇದಕ್ಕೆ ಸಹಿ ಹಾಕಲ್ಲ."

"ಹಾಕ್ಬೇಡಿ ಬಿಡಿ," ಎಂದಳು. ಕಣ್ಣು ತುಂಬಿತ್ತು.

ಮೂಲೆಯಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಅವಳ ಚಿಕ್ಕಮ್ಮ ನಲ್ಲಿ ನಿಲ್ಲಿಸಿದರು.

"ಮೇಷ್ಟ್ರೇ, ಆಯಾ ದಿನ ಬಿತ್ತಿದ ತಟ್ಟೆ ಇಡೋದು ಕಿಟಕಿ ಹತ್ರ. ಕಿಟಕಿಯಿಂದ ಕಾಣೋದು ನೀವು ಇಳಿಯೋ ಬಸ್ ಸ್ಟಾಪು. ಗುರುವಾರ ಇವಳು ಬೆಳಗಿನಿಂದ ಅಲ್ಲೇ. ಸುಮ್ನೆ ನಿಂತ್ರೆ ಯಾರಾದ್ರೂ ಕೇಳ್ತಾರಲ್ಲ, ಅದಕ್ಕೆ ತಟ್ಟೆಗೆ ನೀರು ಚಿಮುಕಿಸ್ತಾ ಇರ್ತಾಳೆ. ಇಷ್ಟೆಲ್ಲ ಲೆಕ್ಕ ಬರುತ್ತೆ ನಿಮಗೆ, ಇಷ್ಟು ಗೊತ್ತಾಗ್ಲಿಲ್ವಾ?"

ನಿಜ ಹೇಳಬೇಕೆಂದರೆ, ನನಗೆ ಮೊದಲು ಬಂದದ್ದು ಸಿಟ್ಟೇ.

"ಜಾಸ್ತಿ ನೀರು ಹಾಕಿ, ಅದನ್ನ ಪುಸ್ತಕದಲ್ಲಿ ಬರೀದೆ ಬಿಟ್ರಾ?"

"ಏನಂತ ಬರೀಲಿ?" ಅವಳ ದನಿ ಮೊದಲ ಬಾರಿಗೆ ಏರಿತು. "ಮೇಷ್ಟ್ರು ಬರೋ ದಿನ ಅಂತಾನಾ?"

ನಾನು ತಲೆತಗ್ಗಿಸಿ ವರದಿ ತೆಗೆದುಕೊಂಡೆ. 'ಗುರುವಾರ: ಹೆಚ್ಚುವರಿ ನೀರು' ಎಂದು ಒಂದು ಅಂಶ ಸೇರಿಸಿದೆ. ಲೆಕ್ಕ ತೆಪ್ಪಗೆ ಕೂತಿತು. ಸಹಿ ಹಾಕಿದೆ. ಪೆನ್ನು ಕೆಳಗಿಡಲಾಗಲಿಲ್ಲ.

"ನಾಳೆಯಿಂದ ದಿನಾ ಬರ್ತೀನಿ," ಎಂದೆ. "ಆಗ ಎಲ್ಲ ತಟ್ಟೆಗೂ ಒಂದೇ ನೀರು."

"ಪಾಠ ಮುಗೀತಲ್ಲ?"

"ಮುಗೀತು ಕಣ್ರೀ. ಆದ್ರೂ ಬರ್ತೀನಿ. ಇದನ್ನೂ ಮೂರು ಸಲ ಹೇಳ್ಬೇಕಾ?"

"ಹೇಳಿ," ಎಂದಳು.

ಹೇಳಿದೆ.

ದೇವರು ನಮಗೆ ಮೂವತ್ತನಾಲ್ಕು ವರ್ಷ ಕೊಟ್ಟ. ಈಗ ಅವಳ ಕಿಟಕಿಯ ಕುಂಡಗಳು ನನ್ನ ಪಾಲಿಗೆ ಬಂದಿವೆ. ಇಂದು ಗುರುವಾರ. ಬೆಳಗಿನಿಂದ ಎರಡು ಸಲ ನೀರು ಹಾಕಿದ್ದೇನೆ. ಎಲ್ಲೂ ಬರೆದಿಟ್ಟಿಲ್ಲ.