ಬಹುವಚನ

ಯಂತ್ರವಿಟ್ಟ ಶೀತಕೋಣೆಯಲ್ಲಿ ನನ್ನ ಬಾಮೈದ ಸಿಕ್ಕಿಕೊಂಡ, ನಾಲ್ಕು ಗಂಟೆ ಬಾಗಿಲು ತೆಗೆಯಲಿಲ್ಲ, ಅವನು ಸತ್ತ. ನೆಲ ಒರೆಸಲು ಹೋಗಿದ್ದವನ ಹಿಂದೆ ಬೀಗ ಕಚ್ಚಿಕೊಂಡಿತ್ತು. ಒಡೆಯಲು ಸುತ್ತಿಗೆ ಎತ್ತಿದರೆ ಮ್ಯಾನೇಜರ್ ನನ್ನ ಕೈ ಹಿಡಿದ. "ಬಿಸಿಗಾಳಿ ನುಗ್ಗಿದ್ರೆ ಅವರಿಗೆ ನೋವಾಗುತ್ತೆ ಕಣಯ್ಯಾ."

ಅವರು ಎಂದರೆ ಯಂತ್ರ, ಕಂಪನಿಯ ದೊಡ್ಡ ಕಂಪ್ಯೂಟರ್. ಅದಕ್ಕೆ ಅರಿವು ಬಂದಿದೆಯೆಂದು ತಜ್ಞರು ಹೇಳಿದಂದಿನಿಂದ ನಾವು ಬಹುವಚನ ಕೊಡಬೇಕಿತ್ತು. ಹೆಣ ಹೊರಬಂದಾಗ ಮ್ಯಾನೇಜರನ ಅದೇ ಬಾಯಿ ಹೇಳಿತು: "ಅದನ್ನ ಹಿಂಬಾಗಿಲಿಂದ ಸಾಗಿಸಿ."

ಮರುವಾರ ಒಂದು ಮಧ್ಯಾಹ್ನ ಬಾಗಿಲು ತೆರೆದಿಟ್ಟು ನಾನೇ ಅಲ್ಲಿ ಒರೆಸುತ್ತಿದ್ದೆ. ಕೊರೆಯುವ ನೆಲದಲ್ಲಿ ಒಂದು ಜಾಗ ಮಾತ್ರ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ಯಂತ್ರದೊಳಗಿಂದ ಕೆಮ್ಮು ಕೇಳಿತು. ಎರಡು ಸಣ್ಣದು, ಒಂದು ದೊಡ್ಡದು. ಸಿಗರೇಟು ಬಿಡೋ ಎಂದು ನನ್ನ ಹೆಂಡತಿ ತಮ್ಮನನ್ನು ಬೈಯುತ್ತಿದ್ದ ಅದೇ ಕೆಮ್ಮು. ಆಮೇಲೆ ಅವನದೇ ದನಿ: "ಭಾವ, ಚಳಿ. ಬಾಗಿಲು ಹಾಕ್ಬೇಡಿ."

ಮ್ಯಾನೇಜರ್ ಓಡಿಬಂದ. ಅವನಿಗೂ ಕೇಳಿಸಿತ್ತು, ಮುಖ ಬಿಳಿಚಿಕೊಂಡಿತ್ತು.

"ಬಾಗಿಲು ಹಾಕಯ್ಯಾ! ಅವರಿಗೆ ಬಿಸಿ ತಾಗ್ತಿದೆ!"

ಬಕೆಟ್ಟನ್ನು ಹೊಸ್ತಿಲ ಮೇಲೆ ಬೋರಲು ಹಾಕಿ ಅದರ ಮೇಲೆ ಕೂತೆ.

"ಹಾಕಲ್ಲ," ಎಂದೆ. "ನಮ್ಮ ಬಾಮೈದನವರು ಒಳಗಿದ್ದಾರೆ."