ಪ್ಲೇಟ್ ಬದಲಾಯಿಸಬೇಡಿ

“ಪದೇ ಪದೇ ಕೆಡ್ತಿದೆ. ಇದನ್ನ ಬಿಟ್ಟುಬಿಡಿ ಡಾಕ್ಟ್ರೇ, ಹೊಸದು ತಗೊಳ್ಳಿ,” ಎಂದ ರಿಪೇರಿಯವನು, ತಲೆಯೆತ್ತದೆ.

ಕಣ್ಣಿನ ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೋದ ಸಲ ಇದೇ ಮನುಷ್ಯ ‘ಗ್ರಾಮಫೋನ್ ಪ್ಲೇಟ್ ಹಾಡಿಸೋ ಇಂಥ ಟರ್ನ್‌ಟೇಬಲ್ ಈಗ ಹುಡುಕಿದರೂ ಸಿಗೋದಿಲ್ಲ, ಜೋಪಾನ’ ಎಂದಿದ್ದ.

“ಏನ್ರೀ, ಇಷ್ಟು ಬೇಗ ಪ್ಲೇಟ್ ಬದಲಾಯಿಸಿಬಿಟ್ರಾ?”

“ಪ್ಲೇಟ್ ಬದಲಾಯಿಸೋದಕ್ಕೇ ಅಲ್ವಾ ಈ ಮೆಷಿನ್ ಇರೋದು?”

ನಕ್ಕಾಗ ಅವನ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಮೇಲೆ ತಳ್ಳಬೇಕೆಂದು ಅವಳ ಬೆರಳಿಗೆ ಆಸೆಯಾಯಿತು. ಕನ್ನಡಕ ಸರಿಮಾಡುವುದು ತನ್ನ ಕಸುಬೇ ತಾನೆ ಎಂದು ಸಮಜಾಯಿಷಿ ಹೇಳಿಕೊಂಡಳು. ಕೈ ಮಾತ್ರ ಮಡಿಲಲ್ಲೇ ಉಳಿಯಿತು.

ಇಬ್ಬರು ಎತ್ತಿದರೂ ಏದುಸಿರು ಬರಿಸುವ ಆ ಟರ್ನ್‌ಟೇಬಲ್ಲನ್ನು ಅವಳು ಕ್ಲಿನಿಕ್ ತೆರೆದ ಹೊಸತರಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಕೊಂಡಿದ್ದಳು. ಗಂಡ ಬೇರೆಯಾದಾಗ ಸೋಫಾ ಹೋಯಿತು, ಫ್ರಿಜ್ಜು ಹೋಯಿತು, ಇದು ಉಳಿಯಿತು. ತಂಗಿ ಇದಕ್ಕೆ ‘ಮುದುಕ’ ಎಂದೇ ಹೆಸರಿಟ್ಟಿದ್ದಳು, ರಿಪೇರಿಯವನಿಗೂ ಅದೇ ರೂಢಿಯಾಗಿತ್ತು. “ಆ ಮುದುಕನ್ನ ಕಳಿಸೇ ಅಕ್ಕಾ! ಡಾಕ್ಟ್ರ ಮನೆಗೇ ತಿಂಗಳು ತಿಂಗಳೂ ಡಾಕ್ಟ್ರು ಬರಬೇಕು!”

ತಂಗಿಗೆ ಒಳಗುಟ್ಟು ಗೊತ್ತಿರಲಿಲ್ಲ. ಹೊಸದು ಬಂದರೆ ಕೆಡುವುದಿಲ್ಲ. ಕೆಡದಿದ್ದರೆ ಇವನು ಬರುವುದಿಲ್ಲ.

“ಬಂದೂ ಬಂದೂ ಬೇಜಾರಾಗಿದ್ರೆ ನೇರ ಹೇಳಿ. ಪಾಪ, ಮೆಷಿನ್ ಮೇಲೆ ಯಾಕೆ ಹಾಕ್ತೀರಾ?” ಅವಳ ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂತು.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಸೂಜಿ ಹಿಡಿದ ತೋಳಿನ ಹಿಂದಿನ ಗುಂಡು ತೂಕವನ್ನು ತೋರಿಸಿದ.

“ಇದರ ಮೇಲೆ ಬಿಳಿ ಚುಕ್ಕೆ ಇಟ್ಟಿದ್ದೆ. ಪ್ರತಿ ಸಲ ಬಂದಾಗಲೂ ಚುಕ್ಕೆ ಜಾಗ ಬಿಟ್ಟಿರತ್ತೆ. ತೂಕ ತಿರುಗಿದ್ರೆ ಸೂಜಿ ಹಾರತ್ತೆ, ಹಾಡು ಕೆಡತ್ತೆ. ಇದು ತಾನಾಗೇ ತಿರುಗೋದಲ್ಲ ಡಾಕ್ಟ್ರೇ. ಯಾರೋ ತಿರುಗಿಸಬೇಕು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

“ಗೊತ್ತಿದ್ದೂ ಬರ್ತಿದ್ರಾ?”

“ಗೊತ್ತಿದ್ದಕ್ಕೇ ಬರ್ತಿದ್ದೆ.” ಅವನ ಕಿವಿ ಕೆಂಪಾಗಿತ್ತು. “ಆದ್ರೆ ಈ ಮುದುಕ ಕೆಡ್ತಾ ಇರೋ ತನಕ ನಾನು ರಿಪೇರಿಯವನೇ. ಹೊಸದು ಬಂದ್ರೆ ನೆಪ ಇರಲ್ಲ. ಆಗಲಾದ್ರೂ ಸುಮ್ನೆ, ನಿಮಗೋಸ್ಕರ ಬರೋ ಧೈರ್ಯ ಬರತ್ತೇನೋ ಅಂತ...”

ಅವಳಿಗೆ ಖುಷಿಯಾಯಿತು, ಭಯವೂ ಆಯಿತು. ಒಮ್ಮೆ ಮನೆ ಖಾಲಿಯಾದದ್ದನ್ನು ಕಂಡವಳು. ಉಳಿದದ್ದನ್ನೂ ಕಳಿಸಿಯೇ ಹೊಸಬರನ್ನು ಕರೆಯಬೇಕೆಂದು ಯಾರು ಹೇಳಿದರು?

ಬಾಗಿ, ತೂಕವನ್ನು ತಾನೇ ತಿರುಗಿಸಿ, ಚುಕ್ಕೆಯನ್ನು ಅದರ ಜಾಗಕ್ಕೆ ತಂದಳು.

“ಮುದುಕ ಇಲ್ಲೇ ಇರ್ತಾನೆ. ಇನ್ಮೇಲೆ ಕೆಡೋದಿಲ್ಲ.”

“ಹಾಗಾದ್ರೆ ನಾನು?”

“ಭಾನುವಾರ ಬನ್ನಿ. ಆ ಚೀಲ, ಸ್ಕ್ರೂಡ್ರೈವರ್ ಎಲ್ಲಾ ಮನೇಲೇ ಬಿಟ್ಟು ಬನ್ನಿ.”

ಈ ಸಲ ಅವಳ ಬೆರಳು ತಡೆಯಲಿಲ್ಲ. ಅವನ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಯೇಬಿಟ್ಟಿತು.

ಅವನು ಚೀಲವನ್ನು ಬದಿಗೆ ಸರಿಸಿದ. “ಬರ್ತೀನಿ. ಆಮೇಲೆ ನೀವು ಪ್ಲೇಟ್ ಬದಲಾಯಿಸಬೇಡಿ ಮತ್ತೆ.”

“ಒಂದು ಬದಿ ಮುಗಿದ್ರೆ ತಿರುಗಿಸಿ ಹಾಕ್ತೀನಿ,” ಎಂದಳು ಅವಳು. “ಬದಲಾಯಿಸಲ್ಲ.”